ಅತ್ತೆಬೋರ್ಡು

ಆ ಮನೆಯ ಮುಂಗೋಣೆಯಲ್ಲಿ ಇರುವುದು ಒಂದೇ ಉದ್ದನೆಯ ಮೇಜು. ಆ ತುದಿಗೆ ಗಂಡ, ಈ ತುದಿಗೆ ಹೆಂಡತಿ. ಇಬ್ಬರದೂ ಹಲ್ಲಿನ ಕಸುಬು ಅಂದರೆ ನಗಬೇಡಿ, ನಿಜವಾಗಿಯೂ ಹಾಗೇ. ಗಂಡ ಗಡಿಯಾರ ರಿಪೇರಿಯವನು. ಹಲ್ಲುಚಕ್ರದ ಯಾವ ಹಲ್ಲು ಸವೆದಿದೆ ಅಂತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹುಡುಕುತ್ತಾನೆ. ಹೆಂಡತಿ ಹಲ್ಲಿನ ಡಾಕ್ಟರಿಗೆ ಕಟ್ಟುಹಲ್ಲು ಮಾಡಿಕೊಡುವವಳು. ಅವಳ ಕಣ್ಣಿಗೂ ಅಂಥದೇ ಒಂದು ಭೂತಗನ್ನಡಿ. ಬೀದಿಯವರು ಅವನನ್ನು ಗಡಿಯಾರದಣ್ಣ, ಅವಳನ್ನು ಹಲ್ಲಕ್ಕ ಅಂತ ಕರೆದು ಕರೆದು, ಮೂವತ್ತು ವರ್ಷ ಸಂಸಾರ ಮಾಡಿದವರನ್ನು ಒಡಹುಟ್ಟಿದವರ ಹಾಗೆ ಮಾಡಿಬಿಟ್ಟಿದ್ದಾರೆ. ಅಣ್ಣನಿಗೆ ಅದರಿಂದ ಏನೂ ಬೇಜಾರಿಲ್ಲ. ಅಕ್ಕನಿಗೆ ಸ್ವಲ್ಪ ಇದೆ.

ಅಕ್ಕನ ತುದಿಯಲ್ಲಿ ಒಂದು ಹಳೇ ಕಂಪ್ಯೂಟರ್. ಎದುರು ಬೀದಿಯ ಡಾಕ್ಟರಮ್ಮ ರೋಗಿಯ ಹಲ್ಲನ್ನು ತೇಯ್ದು, ಉಳಿದ ಮೋಟಿನ ಅಳತೆ ಕಳಿಸುತ್ತಾರೆ. ಅಕ್ಕ ಅದಕ್ಕೆ ಕೂರುವಂಥ ಟೊಪ್ಪಿಗೆಯನ್ನು ಪರದೆಯ ಮೇಲೆ ಕಡೆದು ಒಂದು ಗುಂಡಿ ಒತ್ತುತ್ತಾಳೆ. ಅಲ್ಲಿಂದ ಮುಂದೆ ಕಂಪ್ಯೂಟರಿನ ಪಾಳಿ. ಅಕ್ಕಪಕ್ಕದ ಹಲ್ಲು, ಮೇಲಿನ ಹಲ್ಲು, ಕಚ್ಚಿದರೆ ಎಲ್ಲಿ ತಾಗುತ್ತದೆ, ಎಲ್ಲವನ್ನೂ ಅದು ಲೆಕ್ಕ ಹಾಕಿ ಮುಗಿಸಿದ ಮೇಲೆಯೇ ಒಳಗಿನ ಯಂತ್ರ ಹಲ್ಲನ್ನು ಕೊರೆಯಲು ಶುರುಮಾಡುವುದು. ಆ ಲೆಕ್ಕಕ್ಕೆ ಹದಿನಾರು ನಿಮಿಷ ಬೇಕು.

ಹದಿನಾರು ನಿಮಿಷ ಇಷ್ಟು ವರ್ಷ ಯಾರಿಗೂ ಭಾರವಾಗಿರಲಿಲ್ಲ. ರೋಗಿ ಇವತ್ತು ಅಳತೆ ಕೊಟ್ಟು ಎರಡು ದಿನ ಬಿಟ್ಟು ಬಂದು ಹಲ್ಲು ಹಾಕಿಸಿಕೊಳ್ಳುತ್ತಿದ್ದ. ಈಗ ಡಾಕ್ಟರಮ್ಮನ ಕ್ಲಿನಿಕ್ಕಿಗೂ ಹೊಸ ಗಾಳಿ ಬೀಸಿದೆ. ಕುರ್ಚಿಯಿಂದ ಏಳುವ ಮೊದಲೇ ಹಲ್ಲು ಕೂರಬೇಕು. ದೊಡ್ಡ ಲ್ಯಾಬಿನವರು ಬಂದು, ನಾವು ಮಾಡಿಕೊಡುತ್ತೇವೆ ಅಂತ ಹೇಳಿಹೋಗಿದ್ದಾರೆ. ಡಾಕ್ಟರಮ್ಮ ಒಳ್ಳೆಯ ಹೆಂಗಸು, ಇಪ್ಪತ್ತೆರಡು ವರ್ಷದ ಋಣ ಮರೆತವರಲ್ಲ. ಅವರೇ ಬಂದು ಹೇಳಿದರು: ಲೆಕ್ಕ ಹದಿನೈದು ನಿಮಿಷದೊಳಗೆ ಮುಗಿಯಬೇಕು, ಅದಕ್ಕಿಂತ ಒಂದು ಚೂರು ಹೆಚ್ಚಾದರೂ ಮಿಕ್ಕ ಕೆಲಸ ಸೇರಿ ಮದ್ದಿನ ಜೋಮು ಇಳಿದುಹೋಗುತ್ತದೆ, ಗುರುವಾರ ಹತ್ತು ಗಂಟೆಗೆ ಬಂದು ಕೂತು ನೋಡುತ್ತೇನೆ, ಅಷ್ಟರಲ್ಲಿ ಮುಗಿದರೆ ಕೆಲಸ ನಿಮ್ಮದೇ, ಆಗದಿದ್ದರೆ ನನ್ನನ್ನು ಬೈಯಬೇಡಿ. ಬೇರೆ ಡಾಕ್ಟರುಗಳೆಲ್ಲ ಯಾವತ್ತೋ ದೊಡ್ಡ ಲ್ಯಾಬಿನ ಕಡೆ ಹೋಗಿದ್ದರು. ಇವರೊಬ್ಬರು ಹೋದರೆ ಹಲ್ಲಕ್ಕನಿಗೆ ಮಾಡಲು ಒಂದು ಹಲ್ಲೂ ಇರುವುದಿಲ್ಲ.

ಹೊಸ ಕಂಪ್ಯೂಟರ್ ತಂದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅಣ್ಣನೂ ಕೇಳಿದ. ಆ ಹಲ್ಲಿನ ಪ್ರೋಗ್ರಾಮು ಈ ಪೆಟ್ಟಿಗೆಯ ಮದರ್‌ಬೋರ್ಡಿನ ಗುರುತು ಹಿಡಿದೇ ತೆರೆಯುವಂಥದ್ದು. ಬೋರ್ಡು ಬದಲಾದರೆ ಅದು ಬಾಗಿಲು ತೆಗೆಯುವುದಿಲ್ಲ. ಮಾಡಿದ ಕಂಪನಿ ಮುಚ್ಚಿ ಆರು ವರ್ಷ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಲ್ಲು ಮಾಡುವವಳಿಗೇ ಆ ಗತಿ ಬಂತು.

ಆಗ ಬಂದವನು ಅಕ್ಕನ ತಮ್ಮ, ಕಂಪ್ಯೂಟರ್ ರಿಪೇರಿ ಅಂಗಡಿಯವನು. ಅವನಿಗೆ ಮನೆಯಲ್ಲಿಟ್ಟ ಹೆಸರೊಂದಿದೆ, ಆದರೆ ಎಲ್ಲರ ಬಾಯಲ್ಲೂ ಅವನು ಅರ್ಜೆಂಟು. ಚಪ್ಪಲಿ ಬಿಡುವ ಮೊದಲೇ ಮಾತು ಶುರು, ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟಿರುತ್ತಾನೆ. ಶನಿವಾರ ಬಂದವನು ಪೆಟ್ಟಿಗೆಯ ಮುಂದೆ ಕೂತು, ಇದನ್ನು ಓವರ್‌ಕ್ಲಾಕ್ ಮಾಡೋಣ ಅಂದ. ಕ್ಲಾಕು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಗಡಿಯಾರದಣ್ಣ ಚಿಮುಟ ಕೆಳಗಿಟ್ಟ.

ಇದರೊಳಗೆ ಗಡಿಯಾರ ಎಲ್ಲಿದೆ ಅಂತ ಅವನ ಪ್ರಶ್ನೆ. ಅರ್ಜೆಂಟು ಹೇಳಿದ: ಒಳಗೊಂದು ಹರಳಿದೆ, ಕೈಗಡಿಯಾರದಲ್ಲಿರುವ ಹಾಗೇ, ಅದು ಬಡಿಯುತ್ತಿರುತ್ತದೆ. ಲೆಕ್ಕಕ್ಕೆ ಆ ಬಡಿತ ನೂರು ಅಂತ ಇಟ್ಟುಕೊಳ್ಳಿ. ಒಂದೊಂದು ಬಡಿತಕ್ಕೂ ಪ್ರೊಸೆಸರ್ ಮೂವತ್ತಮೂರು ಹೆಜ್ಜೆ ಹಾಕುತ್ತದೆ. ನೂರು ಮೂವತ್ತಮೂರಲಿ ಮೂರು ಸಾವಿರದ ಮುನ್ನೂರು, ಅದೇ ಅದರ ಓಟ. ಬಡಿತವನ್ನೋ ಹೆಜ್ಜೆಯನ್ನೋ ಏರಿಸಿದರೆ ಓಟ ಜಾಸ್ತಿ. ಗಡಿಯಾರದಣ್ಣನಿಗೆ ನಗು ಬಂತು. ಅವನ ಹತ್ತಿರ ಜನ ಗಡಿಯಾರ ತರುವುದೇ ಫಾಸ್ಟ್ ಹೋಗುತ್ತಿದೆ ಅಂತ ದೂರಿಕೊಂಡು. ಇವನು ನೋಡಿದರೆ ಫಾಸ್ಟ್ ಮಾಡುವುದನ್ನೇ ರಿಪೇರಿ ಅನ್ನುತ್ತಾನೆ.

ಆದರೆ ಬೋರ್ಡು ಬಿಡಬೇಕಲ್ಲ. ಅರ್ಜೆಂಟು ಎಲ್ಲಿಂದಲೋ ತಂದ ಒಂದು ಪುಟ್ಟ ಪ್ರೋಗ್ರಾಮಿನಿಂದ ಬಡಿತ ನೂರಾ ಎರಡಕ್ಕೆ ಏರಿಸಿದರೆ ಪೆಟ್ಟಿಗೆ ಐದು ನಿಮಿಷಕ್ಕೆ ಆರಿಹೋಯಿತು. ಹೆಜ್ಜೆ ಏರಿಸಿದರೂ ಆರಿತು. ಬೋರ್ಡಿನದೇ ಸೆಟ್ಟಿಂಗ್ ನೋಡೋಣ ಅಂದರೆ ಅಲ್ಲಿ ತಾರೀಖು ಮತ್ತು ಭಾಷೆ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುವಂತಿಲ್ಲ.

"ಈ ಪ್ರೊಸೆಸರ್ ಅನ್ನೋ ಸೊಸೆ ಗಟ್ಟಿಗಿತ್ತಿ ಭಾವ, ಎಷ್ಟು ಬೇಕಾದ್ರೂ ದುಡೀತಾಳೆ. ಅತ್ತೆ ಬೀಗದಕೈ ಬಿಡ್ತಿಲ್ಲ. ಇದು ಮದರ್‌ಬೋರ್ಡಲ್ಲ, ಅತ್ತೆಬೋರ್ಡು" ಅಂದ ಅರ್ಜೆಂಟು.

ಕಡೆಗೆ ಅವನೊಂದು ಉಪಾಯ ಮಾಡಿದ. ಅದೇ ಪುಟ್ಟ ಪ್ರೋಗ್ರಾಮಿನಲ್ಲಿ ಬಡಿತವನ್ನು ತೊಂಬತ್ತಕ್ಕೆ ಇಳಿಸಿದ, ಹೆಜ್ಜೆಯನ್ನು ಮೂವತ್ತಾರಕ್ಕೆ ಏರಿಸಿದ. ಪೆಟ್ಟಿಗೆ ಆರಲಿಲ್ಲ. ಪರದೆಯ ಮೇಲೆ ಮೂರು ಸಾವಿರದ ಆರುನೂರು ಅಂತ ಬಂತು. ಅಕ್ಕ ಹಳೆಯದೊಂದು ಹಲ್ಲಿನ ಲೆಕ್ಕ ಹಚ್ಚಿದಳು. ಮುಗಿದಾಗ ಪ್ರೋಗ್ರಾಮು ತಾನು ತೆಗೆದುಕೊಂಡ ಸಮಯ ತೋರಿಸಿತು: ಹದಿನಾಲ್ಕು ನಿಮಿಷ ನಲವತ್ತು ಸೆಕೆಂಡು. ಹಲ್ಲಕ್ಕ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂತಳು. ದಿನಾ ಬೆಳಿಗ್ಗೆ ಪೆಟ್ಟಿಗೆ ಹಚ್ಚಿದ ಮೇಲೆ ಈ ಪುಟ್ಟ ಪ್ರೋಗ್ರಾಮಿನ ಗುಂಡಿ ಒತ್ತಬೇಕು ಅಂತ ಹೇಳಿಕೊಟ್ಟ ತಮ್ಮನ ತಲೆ ಸವರಿದಳು, ಆ ವಾರದಲ್ಲಿ ಮೊದಲನೇ ಸಲ ಹೊಟ್ಟೆತುಂಬ ಊಟ ಮಾಡಿದಳು.

ಗೋಡೆ ತುಂಬ ಗಡಿಯಾರ ಇರುವ ಮನೆಯಲ್ಲಿ ಒಬ್ಬರಾದರೂ ತಲೆಯೆತ್ತಿ ನೋಡಬಾರದಿತ್ತೆ ಅಂತ ಅನ್ನಿಸುತ್ತದೆ. ಅಲ್ಲೇ ಇರುವುದು ತಮಾಷೆ. ಗೋಡೆಯ ಮೇಲಿರುವ ಮೂವತ್ತೂ ರಿಪೇರಿಗೆ ಬಂದವು. ಒಂದು ಏಳೂವರೆ ಅಂದರೆ ಇನ್ನೊಂದು ಎರಡೂಕಾಲು ಅನ್ನುತ್ತದೆ, ಮೂರನೆಯದು ನಿಂತೇ ಇದೆ. ಗೋಡೆ ನೋಡಿ ಹೊತ್ತು ತಿಳಿಯುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ. ಸರಿಯಾಗಿ ನಡೆಯುವುದು ಅಣ್ಣನ ಜೇಬಿನ ಗಡಿಯಾರವೊಂದೇ, ಅದು ಅಂದು ಜೇಬಿನಿಂದ ಹೊರಗೆ ಬರಲಿಲ್ಲ.

ಸೋಮವಾರ ಒಬ್ಬ ಗಿರಾಕಿ ತನ್ನ ಗೋಡೆಗಡಿಯಾರ ಒಯ್ಯಲು ಬಂದ. ಅವನಿಗೆ ನಾಲ್ಕು ಗಂಟೆಗೆ ಬಾ ಅಂದಿತ್ತು. ಅಕ್ಕ ಪರದೆಯ ಮೂಲೆ ನೋಡಿ, ಇನ್ನೂ ಮೂರೂ ಇಪ್ಪತ್ತನಾಲ್ಕು, ಈಗಲೇ ಬಂದಿದ್ದೀರಲ್ಲ ಅಂದಳು. ಗಿರಾಕಿ ಬಿಡಲಿಲ್ಲ, ನಾಲ್ಕಾಗಿದೆ ಅಂತ ವಾದಕ್ಕೆ ನಿಂತ. ಅಣ್ಣ ಜೇಬಿಗೆ ಕೈಹಾಕಿ ನೋಡಿದ. ಸರಿಯಾಗಿ ನಾಲ್ಕು. ಗಿರಾಕಿಯನ್ನು ಸಮಾಧಾನ ಮಾಡಿ ಕಳಿಸಿದ, ಆದರೆ ತಲೆಯೊಳಗೆ ಹುಳ ಹೊಕ್ಕಿತು. ಮಂಗಳವಾರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಹೋಗಿ ನೋಡಿದರೆ ಹೊತ್ತು ಸರಿಯಾಗಿದೆ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ.

ಚಳಿಗೆ ನಿಧಾನವಾಗುವ ಗಡಿಯಾರ ಅವನು ಕಂಡಿದ್ದ. ಅಂಗಾತ ಮಲಗಿಸಿದರೆ ನಿಲ್ಲುವುದನ್ನು ಕಂಡಿದ್ದ. ಒಬ್ಬ ಹೆಂಗಸಿನ ಕೈಯಲ್ಲಿ ಮಾತ್ರ ಕೆಡುತ್ತಿದ್ದ ಒಂದು ಕೈಗಡಿಯಾರವನ್ನೂ ಕಂಡಿದ್ದ. ಅವಳು ಕೂರುವ ಜಾಗದಲ್ಲಿ ಅಯಸ್ಕಾಂತ ಇತ್ತು. ಹಗಲೆಲ್ಲ ಕಾಯಿಲೆ ಬಿದ್ದು, ಮಲಗಿ ಎದ್ದರೆ ತಾನಾಗಿ ಗುಣವಾಗುವ ಗಡಿಯಾರವನ್ನು ಮಾತ್ರ ಜನ್ಮದಲ್ಲಿ ಕಂಡಿರಲಿಲ್ಲ. ಅವನಿಗೆ ಖುಷಿಯಾಯಿತು. ಕೈಲಿದ್ದ ಕೆಲಸ ಬಿಟ್ಟು ಒಂದು ಚೀಟಿ ತೆಗೆದುಕೊಂಡು ಗಂಟೆಗೊಮ್ಮೆ ಬರೆದಿಟ್ಟ. ಹನ್ನೊಂದಕ್ಕೆ ಪರದೆಯಲ್ಲಿ ಹತ್ತೂ ಐವತ್ತನಾಲ್ಕು. ಹನ್ನೆರಡಕ್ಕೆ ಹನ್ನೊಂದೂ ನಲವತ್ತೆಂಟು. ಒಂದಕ್ಕೆ ಹನ್ನೆರಡೂ ನಲವತ್ತೆರಡು. ಗಂಟೆಗೆ ಆರು ನಿಮಿಷ, ಅಳೆದು ಕೊಟ್ಟ ಹಾಗೆ. ಕೆಟ್ಟ ಗಡಿಯಾರ ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಇದು ಕಾಯಿಲೆಯಲ್ಲ, ಯಾರೋ ಮಾಡಿಟ್ಟದ್ದು ಅಂತ ಅವನಿಗೆ ಖಾತ್ರಿಯಾಯಿತು.

ಆಮೇಲೆ ಇನ್ನೊಂದು ಯೋಚನೆ ಬಂತು. ಈ ಪೆಟ್ಟಿಗೆಯ ಗಂಟೆಯೇ ನಂಬುವಂಥದ್ದಲ್ಲ ಅಂದಮೇಲೆ ಅದು ಹೇಳಿದ ಹದಿನಾಲ್ಕು ನಿಮಿಷ ನಲವತ್ತು ಸೆಕೆಂಡಿನ ಗತಿ ಏನು? ಮಧ್ಯಾಹ್ನ ಅಕ್ಕ ಒಂದು ಲೆಕ್ಕ ಹಚ್ಚಿದಾಗ ಅಣ್ಣ ಮೇಜಿನ ಕೆಳಗೆ ಜೇಬುಗಡಿಯಾರ ಹಿಡಿದು ಕೂತ. ಪರದೆ ಹದಿನಾಲ್ಕು ನಲವತ್ತು ಅಂತಲೇ ಹೇಳಿತು. ಅವನ ಗಡಿಯಾರ ಹದಿನಾರು ನಿಮಿಷ ಹದಿನೆಂಟು ಸೆಕೆಂಡು ಅಂದಿತು. ಫಾಸ್ಟಾಗುವ ಮಾತು ಹಾಗಿರಲಿ, ಪೆಟ್ಟಿಗೆ ಮೊದಲಿಗಿಂತ ಹದಿನೆಂಟು ಸೆಕೆಂಡು ನಿಧಾನವಾಗಿತ್ತು.

ಹೇಳದೆ ಇರಲೇ ಅಂತ ಒಂದು ಗಳಿಗೆ ಯೋಚಿಸಿದ. ಗುರುವಾರ ಡಾಕ್ಟರಮ್ಮ ಕೈಗಡಿಯಾರ ನೋಡಿಕೊಂಡರೆ ಅವರ ಮುಂದೆ ಹೆಂಡತಿ ಸುಳ್ಳಿಯಾಗುತ್ತಾಳೆ ಅನ್ನಿಸಿ ಹೇಳಿದ. ಅವಳು ಭೂತಗನ್ನಡಿ ತೆಗೆದು ಅವನನ್ನೇ ನೋಡಿದಳು.

"ನನ್ನ ಮಿಷನ್ನು ಹುಟ್ಟಿದಾಗಿನಿಂದ ಒಂದು ಸಲ ಫಾಸ್ಟಾಯ್ತು. ಅದನ್ನೂ ನಿಮ್ಮ ಕೈಲಿ ರಿಪೇರಿ ಮಾಡಿಸ್ಬೇಕಾ?"

ಅಣ್ಣ ಜೇಬುಗಡಿಯಾರವನ್ನು ಅವಳ ಮುಂದಿಟ್ಟ. ಅವಳು ಸಿಟ್ಟಿನಲ್ಲೇ ಮತ್ತೊಮ್ಮೆ ಲೆಕ್ಕ ಹಚ್ಚಿ, ಗಡಿಯಾರ ಕೈಲಿ ಹಿಡಿದು ಕೂತಳು. ಹದಿನಾಲ್ಕು ನಲವತ್ತು ದಾಟಿ, ಹದಿನೈದು ದಾಟಿ, ಹದಿನಾರು ದಾಟುವ ಹೊತ್ತಿಗೆ ಸಿಟ್ಟೆಲ್ಲ ಇಳಿದು ಮುಖ ಸಪ್ಪಗಾಗಿತ್ತು. ಅವನಿಗೆ ಪಾಪ ಅನ್ನಿಸಿತು. ತಾನು ಗಂಟೆಗೊಮ್ಮೆ ಚೀಟಿ ಬರೆಯುತ್ತ ಖುಷಿಪಟ್ಟದ್ದು ನೆನೆದು ನಾಚಿಕೆಯೂ ಆಯಿತು.

ಸಂಜೆ ಅರ್ಜೆಂಟು ಬಂದ. ಮೊದಲು ಒಪ್ಪಲೇ ಇಲ್ಲ. ಮೂರು ಸಾವಿರದ ಆರುನೂರು ಅಂತ ಪೆಟ್ಟಿಗೆಯೇ ಹೇಳುತ್ತಿದೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದ. ಗಡಿಯಾರದಣ್ಣ ಒಂದೇ ಒಂದು ಪ್ರಶ್ನೆ ಕೇಳಿದ.

"ಈ ಪೆಟ್ಟಿಗೆಗೆ ಗಂಟೆ ಎಷ್ಟು ಅಂತ ಯಾರು ಹೇಳ್ತಾರೆ?"

ಅರ್ಜೆಂಟು ತಲೆ ಕೆರೆದುಕೊಂಡ. ಗಂಟೆ ಹೇಳುವುದೂ ಅದೇ ಬಡಿತ. ಬೆಳಿಗ್ಗೆ ಹಚ್ಚಿದಾಗ ಒಳಗಿರುವ ಬಿಲ್ಲೆ ಬ್ಯಾಟರಿಯ ಗಡಿಯಾರ ನೋಡಿ ಹೊತ್ತು ತಿಳಿದುಕೊಳ್ಳುತ್ತದೆ, ಆಮೇಲೆ ದಿನವಿಡೀ ಬಡಿತ ಎಣಿಸಿಕೊಂಡೇ ಹೋಗುತ್ತದೆ. ಬಡಿತ ನೂರೇ ಇದೆ ಅಂತ ಅದರ ನಂಬಿಕೆ. ಇವನು ಅದನ್ನು ತೊಂಬತ್ತು ಮಾಡಿದ್ದು ಅದಕ್ಕೆ ಗೊತ್ತೇ ಇಲ್ಲ. ಅದಕ್ಕೇ ನೂರನ್ನು ಮೂವತ್ತಾರರಿಂದ ಗುಣಿಸಿ ಮೂರು ಸಾವಿರದ ಆರುನೂರು ಅಂತ ಎದೆತಟ್ಟಿ ಹೇಳುತ್ತದೆ. ನಿಜವಾದ ಓಟ ಮೂರು ಸಾವಿರದ ಇನ್ನೂರ ನಲವತ್ತು. ಓಟಗಾರ ತಾನೇ, ಗಡಿಯಾರ ಹಿಡಿದವನೂ ತಾನೇ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂತ ಇಂಥದಕ್ಕೇ ಹೇಳಿದ್ದು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ಆದರೆ ಅರ್ಜೆಂಟಿಗೆ ಅಕ್ಕನ ಮೇಲೆ ಪ್ರೀತಿ ಕಮ್ಮಿ ಅಂತ ಯಾರೂ ಹೇಳುವಂತಿಲ್ಲ. ಅವನು ದನಿ ತಗ್ಗಿಸಿ, ಹೀಗೇ ಬಿಟ್ಟುಬಿಡೋಣ ಅಂದ. ಡಾಕ್ಟರಮ್ಮ ಬಂದು ಕೂತು ನೋಡುವುದು ಪರದೆಯನ್ನೇ. ಪರದೆ ಹದಿನಾಲ್ಕು ನಲವತ್ತು ಅನ್ನುತ್ತದೆ. ಒಂದೂವರೆ ನಿಮಿಷದ ವ್ಯತ್ಯಾಸ ಯಾವ ಮನುಷ್ಯನಿಗೆ ಗೊತ್ತಾಗುತ್ತದೆ ಅಂತ ಅವನ ವಾದ. ಅಣ್ಣ ಹೆಂಡತಿಯ ಮುಖ ನೋಡಿದ. ಅವಳು ಬೇಡ ಅನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ. ತೇಯ್ದಿಟ್ಟ ಒಂದು ದವಡೆಹಲ್ಲನ್ನು ಬೆರಳಲ್ಲಿ ಹೊರಳಿಸುತ್ತ ಕೂತೇ ಇದ್ದಳು. ಅವನೂ ಏನೂ ಹೇಳಲಿಲ್ಲ, ಏಕೆಂದರೆ ಹೋಗುತ್ತಿದ್ದದ್ದು ಅವಳ ಕೆಲಸ, ಅವನದಲ್ಲ.

ಬುಧವಾರ ಬೆಳಿಗ್ಗೆ ಅವಳು ಅವನ ತುದಿಗೆ ಬಂದು ನಿಂತಳು. ಗಡಿಯಾರ ನಿಧಾನವಾದರೆ ನೀವು ಮೊದಲು ಏನು ಮಾಡ್ತೀರಿ ಅಂತ ಕೇಳಿದಳು. ಅವನು ಬಿಚ್ಚಿ ತೊಳೀತೀನಿ ಅಂದ. ಕೊಳೆ ತೆಗೆಯದೆ ಮುಳ್ಳು ತಿದ್ದುವುದು ಅವನ ಕಸುಬಿನಲ್ಲಿ ಪಾಪ; ಹಾಗೆ ತಿದ್ದಿದ್ದು ಎರಡು ದಿನ ನಡೆದು ಮತ್ತೆ ಕೆಡುತ್ತದೆ.

"ಹಾಗಾದ್ರೆ ಬಿಚ್ಚಿ" ಅಂದಳು, ತನ್ನ ಪೆಟ್ಟಿಗೆ ತೋರಿಸಿ.

ಅರ್ಜೆಂಟನ್ನು ಕರೆಸಿದರು. ಅವನು ಮುಚ್ಚಳ ತೆಗೆದ. ಆಮೇಲೆ ಅಣ್ಣ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತ. ಫ್ಯಾನಿನ ಕೆಳಗೆ, ಶಾಖ ಹೊರಹಾಕಲು ಇಟ್ಟ ಲೋಹದ ತೆಳು ಹಲಗೆಗಳ ಸಂದಿನಲ್ಲಿ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಮುಟ್ಟಿ ನೋಡಿದ, ಕಲ್ಲು. ಅಕ್ಕ ಹಲ್ಲಿನ ಅಚ್ಚಿಗೆ ಕಲಸುವ ಪ್ಲಾಸ್ಟರಿನ ಪುಡಿ. ಎಂಟು ವರ್ಷದಿಂದ ಗಾಳಿಯಲ್ಲಿ ತೇಲಿ ಒಳಗೆ ಹೋಗಿ, ತೇವಕ್ಕೆ ಗಟ್ಟಿಯಾಗಿತ್ತು. ಪೆಟ್ಟಿಗೆಯೊಳಗೆ ಒಂದು ದವಡೆಯೇ ಬೆಳೆದಿದೆ ಅಂತ ಅರ್ಜೆಂಟು ನಕ್ಕ. ನಗುತ್ತ ನಗುತ್ತ ಅವನಿಗೇ ವಿಷಯ ಹೊಳೆಯಿತು. ಬಡಿತ ಏರಿಸಿದಾಗಲೆಲ್ಲ ಪೆಟ್ಟಿಗೆ ಆರುತ್ತಿದ್ದದ್ದು ಬೋರ್ಡಿನ ಹಟಕ್ಕಲ್ಲ, ಸೆಕೆ ತಡೆಯಲಾರದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಇವನು ಸುಮ್ಮನೆ ಅತ್ತೆಯನ್ನು ಬೈದಿದ್ದ.

ಅಣ್ಣ ಎರಡು ತಾಸು ಹಿಡಿದ. ಗಡಿಯಾರದ ಕುಂಚ, ಮೊನೆ ಮಾಡಿದ ಕಡ್ಡಿ, ರಬ್ಬರಿನ ಊದುಬುರುಡೆ. ಶಾಖ ದಾಟಿಸಲೆಂದು ಪ್ರೊಸೆಸರಿನ ಬೆನ್ನಿಗೆ ಹಚ್ಚಿದ್ದ ಮುಲಾಮು ಒಣಗಿ ಹೊಪ್ಪಳೆಯಾಗಿತ್ತು. ಹಳೇ ಗಡಿಯಾರದಲ್ಲಿ ಎಣ್ಣೆ ಒಣಗುವುದೂ ಹೀಗೇ ಅಂತ ಅವನು ಭೂತಗನ್ನಡಿಯಲ್ಲಿ ನೋಡಿ ನೋಡಿ ಸಂತೋಷಪಟ್ಟ. ಅದನ್ನು ಒರೆಸಿ ಹೊಸ ಮುಲಾಮು ಹಚ್ಚಿ ಮುಚ್ಚಿದರು. ಈ ಸಲ ಬಡಿತ ಇಳಿಸುವ ಮಾತಿಲ್ಲ. ಒಂದೊಂದೇ ಏರಿಸಿದರು. ನೂರಾ ಮೂರು, ತಡೆಯಿತು. ನೂರಾ ಐದು, ತಡೆಯಿತು. ನೂರಾ ಆರಕ್ಕೆ ಪರದೆ ನಡುಗಿತು, ಹಿಂದಕ್ಕೆ ಬಂದರು. ಹೆಜ್ಜೆ ಮೂವತ್ತನಾಲ್ಕಕ್ಕೆ ನಿಂತಿತು. ಅಕ್ಕ ಲೆಕ್ಕ ಹಚ್ಚಿದಳು, ಅಣ್ಣ ಜೇಬುಗಡಿಯಾರವನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟ.

ಹದಿನಾಲ್ಕು ನಿಮಿಷ ನಲವತ್ತೇಳು ಸೆಕೆಂಡು. ಈ ಸಲ ನಿಜವಾದದ್ದು. ಆದರೆ ಪರದೆ ನೋಡಿದರೆ ಅಲ್ಲಿ ಹದಿನೈದು ನಿಮಿಷ ಮೂವತ್ತೆರಡು ಸೆಕೆಂಡು ಅಂತಿತ್ತು.

ಅರ್ಜೆಂಟು ಹಣೆ ಚಚ್ಚಿಕೊಂಡ. ಬಡಿತ ಏರಿಸಿದ್ದರಿಂದ ಪೆಟ್ಟಿಗೆಯ ಗಂಟೆ ಈಗ ಮುಂದಕ್ಕೆ ಓಡುತ್ತಿತ್ತು. ಸುಳ್ಳಾಗಿ ಓಡಿದಾಗ ಗೆದ್ದೆ ಅಂತು, ನಿಜವಾಗಿ ಓಡಿದರೆ ಸೋತೆ ಅನ್ನುತ್ತಿದೆ. ಆರಿಸಿ ಹಚ್ಚಿ ಸರಿಮಾಡೋಣ ಅಂದರೆ, ಆರಿಸಿದ ಕೂಡಲೇ ಬೋರ್ಡು ಬಡಿತವನ್ನು ನೂರಕ್ಕೇ ತಂದು ನಿಲ್ಲಿಸುತ್ತದೆ; ಅಷ್ಟರಮಟ್ಟಿಗೆ ಅತ್ತೆ ಅತ್ತೆಯೇ. ಡಾಕ್ಟರಮ್ಮನಿಗೆ ಹೇಗೆ ಹೇಳುವುದು ಅಂತ ಅವನಿಗೆ ಚಿಂತೆ ಹತ್ತಿತು. ಪರದೆ ನಂಬಬೇಡಿ, ನನ್ನ ಗಂಡನ ಗಡಿಯಾರ ನಂಬಿ ಅಂದರೆ ಯಾರು ನಂಬುತ್ತಾರೆ? ಸೋತವರು ಹೇಳುವುದೇ ಹಾಗೆ. ತೊಂಬತ್ತು ಮೂವತ್ತಾರು ಇನ್ನೂ ಕೈಯಲ್ಲೇ ಇದೆ, ಒಂದು ಗುಂಡಿಯ ಕೆಲಸ ಅಂತ ಅವನು ಮತ್ತೆ ನೆನಪಿಸಿದ. ಹಲ್ಲಕ್ಕ ಅವನಿಗೆ ಊಟ ಹಾಕಿ ಮನೆಗೆ ಕಳಿಸಿದಳು.

ಗುರುವಾರ ಹತ್ತಕ್ಕೆ ಡಾಕ್ಟರಮ್ಮ ಬಂದರು. ಜೊತೆಗೆ ಅವತ್ತಿನ ರೋಗಿಯ ಅಳತೆ ತಂದಿದ್ದರು. ಮೇಜಿನ ನಡುವೆ ಸ್ಟೂಲು ಹಾಕಿಕೊಟ್ಟರು. ಅವರ ಕಣ್ಣು ನೇರ ಪರದೆಯ ಮೇಲೆ. ಹೆಂಡತಿ ಬಡಿತವನ್ನು ತೊಂಬತ್ತಕ್ಕೆ ಇಟ್ಟಿದ್ದಾಳೋ ನೂರಾ ಐದಕ್ಕೋ ಅಂತ ಗಡಿಯಾರದಣ್ಣನಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಅವಳು ಒಬ್ಬಳೇ ಕೂತು ಅದನ್ನು ಹಚ್ಚಿದ್ದಳು, ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಗುಂಡಿ ಒತ್ತುವ ಮೊದಲು ಹಲ್ಲಕ್ಕ ಅವರ ಕಡೆ ತಿರುಗಿದಳು. "ಡಾಕ್ಟ್ರೇ, ಇದರ ಮೇಲೆ ಬರೋ ಟೈಮ್ ನಂಬ್ಬೇಡಿ. ಅದು ಸುಳ್ಳು ಹೇಳುತ್ತೆ. ನಿಮ್ಮ ಫೋನಲ್ಲೇ ನೋಡ್ಕೊಳ್ಳಿ."

ಡಾಕ್ಟರಮ್ಮ ಹುಬ್ಬೇರಿಸಿದರು. "ಯಾರ ಪರ ಹೇಳುತ್ತೆ?"

"ಮೊನ್ನೆವರೆಗೂ ನನ್ನ ಪರ ಹೇಳ್ತಿತ್ತು. ಈಗ ನನ್ನ ಮೇಲೇ ಹೇಳುತ್ತೆ."

ಅಣ್ಣನ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು; ಹಿಂದೆಯೇ ಭಯವೂ ಆಯಿತು. ಡಾಕ್ಟರಮ್ಮ ಫೋನು ತೆಗೆದು ಕೈಯಲ್ಲಿ ಹಿಡಿದರು. ಲೆಕ್ಕ ಶುರುವಾಯಿತು. ಪರದೆಯ ಅಂಕಿ ಹದಿನೈದು ಮುಟ್ಟಿದಾಗ ಡಾಕ್ಟರಮ್ಮ ಫೋನು ನೋಡಿದರು. ಅಲ್ಲಿ ಹದಿನಾಲ್ಕು ಹದಿನೇಳು. ಅವರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡತೊಡಗಿದರು. ಲೆಕ್ಕ ಮುಗಿದಾಗ ಫೋನಿನಲ್ಲಿ ಹದಿನಾಲ್ಕು ನಲವತ್ತೇಳು ಇತ್ತು.

ಅವರು ಏಳಲಿಲ್ಲ. ಇದು ಹೇಗೆ ಅಂತ ಕೇಳಿದರು. ಅಣ್ಣ ಬಡಿತದ ಕಥೆ, ಹೆಜ್ಜೆಯ ಕಥೆ, ತೊಂಬತ್ತು ಮೂವತ್ತಾರರ ಕಥೆ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಹಲ್ಲಕ್ಕನ ಕಡೆ ತಿರುಗಿ, ಅದನ್ನೇ ಇಟ್ಟುಕೊಂಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಅಂದರು.

"ನಿಮಗೆ ಗೊತ್ತಾಗ್ತಿರಲಿಲ್ಲ" ಅಂದಳು ಹಲ್ಲಕ್ಕ. "ಬಾಯಿ ತೆರ್ಕೊಂಡು ಕೂತೋರಿಗೆ ಗೊತ್ತಾಗ್ತಿತ್ತು."

ಡಾಕ್ಟರಮ್ಮ ಫೋನು ಚೀಲಕ್ಕೆ ಹಾಕಿಕೊಂಡು, ರೋಗಿ ಅಲ್ಲಿ ಕಾಯುತ್ತಿದ್ದಾರೆ, ಬೇಗ ಕೊರೆದು ಕೊಡಿ ಅಂದರು. ಹಲ್ಲಕ್ಕ ಎದ್ದು ಒಳಗಿನ ಯಂತ್ರ ಹಚ್ಚಲು ಹೋದಳು.